ಆಮಿಶ್ ಕ್ರೈಸ್ತರ ನಿತ್ಯಜೀವನದಲ್ಲಿ ಕ್ಷಮೆ ಮತ್ತು ವಿಧೇಯತೆ

ಕ್ಷಮೆ ಹೃದಯದ ಗುಣ, ವಿಧೇಯತೆ ನಡತೆಯ ಗುಣ ಎಂಬ ಭಾವನೆ ಸಾಮಾನ್ಯವಾಗಿದೆ. ಕ್ಷಮಿಸುವವನು ದೊಡ್ಡವನು, ವಿಧೇಯನಾಗಿ ನಡೆಯುವವನು ಚಿಕ್ಕವನು ಎಂದೂ ಲೋಕರೂಢಿ ಎಣಿಸುತ್ತದೆ. ಮೊದಲನೆಯದನ್ನು ಯಾರೂ ಆಜ್ಞಾಪಿಸಲಾರರು. ಅದು ತಾನಾಗಿ ಒಳಗಿನಿಂದ ಬರತಕ್ಕದ್ದು. ಎರಡನೆಯದು ಆಜ್ಞೆಯಿಲ್ಲದೆ ಹುಟ್ಟುವುದೇ ಇಲ್ಲ. ಹೀಗೆ ಒಂದಕ್ಕೊಂದು ದೂರವೆಂದು ತೋರುವ ಈ ಎರಡು ಗುಣಗಳನ್ನು ಕ್ರೈಸ್ತ ಧರ್ಮವು ಒಂದೇ ನೊಗಕ್ಕೆ ಹೂಡಿದೆ. ಅಲ್ಲಿ ಕ್ಷಮಿಸಬೇಕೆಂಬುದು ಸಲಹೆಯಲ್ಲ, ಅಪ್ಪಣೆ. ಇತರರನ್ನು ಕ್ಷಮಿಸದವನಿಗೆ ದೇವರ ಕ್ಷಮೆಯೂ ಇಲ್ಲವೆಂದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯವು ಸಂದೇಹಕ್ಕೆ ಎಡೆಯಿಲ್ಲದಂತೆ ವಿಧಿಸುತ್ತದೆ.

ವಿಧಿಗೆ ಒಳಪಟ್ಟು ಮಾಡಿದ ಕ್ಷಮೆಯು ನಿಜವಾದ ಕ್ಷಮೆಯೆ? ಮನಸ್ಸು ಒಪ್ಪುವ ಮೊದಲೇ ಬಾಯಿ ಕ್ಷಮಿಸಿತೆಂದರೆ ಅದು ಕಪಟವಾಗದೆ? ಅನ್ಯಾಯಕ್ಕೆ ಒಳಗಾದವನ ಮೇಲೆ ಕ್ಷಮಿಸುವ ಹೊರೆಯನ್ನೂ ಹೊರಿಸುವುದು ಇನ್ನೊಂದು ಅನ್ಯಾಯವಲ್ಲವೆ? ಈ ಪ್ರಶ್ನೆಗಳನ್ನು ಕ್ರೈಸ್ತ ಪಂಡಿತರು ಗ್ರಂಥಗಳಲ್ಲಿ ಚರ್ಚಿಸಿದ್ದುಂಟು. ಆದರೆ ಇವಕ್ಕೆ ಗ್ರಂಥಗಳಿಂದಲ್ಲದೆ ಬದುಕಿನಿಂದಲೇ ಉತ್ತರ ಕೊಡುತ್ತ ಬಂದಿರುವ ಒಂದು ಸಣ್ಣ ಸಮಾಜ ಅಮೆರಿಕದಲ್ಲಿದೆ. ಆಮಿಶ್ ಎಂದು ಹೆಸರಾದ ಆ ಸಮಾಜದಲ್ಲಿ ಕ್ಷಮೆಯು ವಿರಳ ಮಹಾತ್ಮರ ಸಾಧನೆಯಲ್ಲ. ಊಟ, ಉಡುಗೆ, ಬೇಸಾಯಗಳಂತೆ ನಿತ್ಯದ ಕಟ್ಟಳೆ. ಅದರ ಬಲವೂ ಅದರ ಅಪಾಯವೂ ಆ ಒಂದೇ ಮೂಲದಿಂದ ಹೊರಟಿವೆಯೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನ ಮತ್ತು ಚರಿತ್ರೆ

1525ರ ಜನವರಿಯಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವರು ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನ ಮಾಡಿಸಿದರು. ಏನೂ ಅರಿಯದ ಶಿಶುವಿಗೆ ಕೊಡುವ ದೀಕ್ಷೆ ಸಲ್ಲದು, ತಿಳಿದು ಒಪ್ಪಿದ ವಯಸ್ಕನೇ ಸಭೆಯ ಸದಸ್ಯನಾಗತಕ್ಕವನು ಎಂಬುದು ಅವರ ವಾದ. ಎದುರಾಳಿಗಳು ಅವರನ್ನು ‘ಅನಬ್ಯಾಪ್ಟಿಸ್ಟರು’, ಎಂದರೆ ಮರುದೀಕ್ಷೆಯವರು, ಎಂದು ಕರೆದರು. ಈ ಜನ ಕತ್ತಿ ಹಿಡಿಯಲೊಲ್ಲರು, ಆಣೆಯಿಡಲೊಲ್ಲರು. ರಾಜ್ಯಕ್ಕೂ ಧರ್ಮಕ್ಕೂ ಒಂದೇ ಬೇಲಿಯಿದ್ದ ಆ ಕಾಲದಲ್ಲಿ ಇದು ರಾಜದ್ರೋಹಕ್ಕೆ ಸಮನಾಯಿತು. ಕ್ಯಾಥೊಲಿಕ್ ಪ್ರಭುತ್ವಗಳೂ ಪ್ರಾಟೆಸ್ಟೆಂಟ್ ಪ್ರಭುತ್ವಗಳೂ ಅವರನ್ನು ಸಮಾನವಾಗಿ ಬೇಟೆಯಾಡಿದವು. ಅನೇಕರನ್ನು ನೀರಿನಲ್ಲಿ ಮುಳುಗಿಸಿ, ಬೆಂಕಿಯಲ್ಲಿ ಸುಟ್ಟು ಕೊಂದವು.

1693ರ ಸುಮಾರಿನಲ್ಲಿ ಸ್ವಿಟ್ಸರ್ಲೆಂಡ್ ಮತ್ತು ಆಲ್ಸೇಸ್ ಪ್ರಾಂತಗಳ ಅನಬ್ಯಾಪ್ಟಿಸ್ಟರಲ್ಲಿ ಒಡಕು ಹುಟ್ಟಿತು. ಸಭೆಯಿಂದ ಬಹಿಷ್ಕೃತನಾದವನೊಡನೆ ಊಟದ ಮೇಜಿನಲ್ಲಿಯೂ ಬೆರೆಯಕೂಡದೆಂದು ಹಟ ಹಿಡಿದವನು ಯಾಕೋಬ್ ಅಮ್ಮಾನ್ ಎಂಬ ಹಿರಿಯ. ಅವನ ಅನುಯಾಯಿಗಳೇ ಆಮಿಶರು. ಕನ್ನಡದ ‘ಆಮಿಷ’ಕ್ಕೂ ಈ ಹೆಸರಿಗೂ ಯಾವ ನಂಟೂ ಇಲ್ಲವೆಂದು ಹೇಳುವ ಅಗತ್ಯವಿಲ್ಲ. ಕ್ಷಮೆಗೆ ಹೆಸರಾದ ಈ ಸಮಾಜವು ಮೊದಲಿಗೆ ಬೇರೆಯಾದದ್ದು ಬಹಿಷ್ಕಾರದ ಕಾಠಿಣ್ಯವನ್ನು ಕುರಿತ ವಿವಾದದಿಂದ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳಬೇಕಾಗುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಆಮಿಶರು ಪೆನ್ಸಿಲ್ವೇನಿಯಕ್ಕೆ ವಲಸೆ ಬಂದರು. ಯೂರೋಪಿನಲ್ಲಿ ಈಗ ಅವರ ಸಭೆಗಳಿಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ ಅವರ ಸಂಖ್ಯೆ 2024ರ ಅಂದಾಜಿನಂತೆ ಸುಮಾರು 4 ಲಕ್ಷ. ಪೆನ್ಸಿಲ್ವೇನಿಯ, ಒಹಾಯೊ, ಇಂಡಿಯಾನಾ ರಾಜ್ಯಗಳಲ್ಲಿ ಅವರ ದೊಡ್ಡ ನೆಲೆಗಳಿವೆ. ಅವರಲ್ಲಿ ಬಹುಮಂದಿ ಮನೆಯಲ್ಲಿ ಜರ್ಮನಿನ ಒಂದು ಉಪಭಾಷೆಯನ್ನೂ, ಆರಾಧನೆಯಲ್ಲಿ ಗ್ರಾಂಥಿಕ ಜರ್ಮನನ್ನೂ, ಹೊರಗಿನವರೊಡನೆ ಇಂಗ್ಲಿಷನ್ನೂ ಬಳಸುತ್ತಾರೆ. ಹೊರನಾಡಿನಲ್ಲಿ ತಾಯ್ನುಡಿ ಎಷ್ಟು ತಲೆಮಾರು ಉಳಿದೀತೆಂದು ಚಿಂತಿಸುವವರಿಗೆ, ಸುಮಾರು ಮುನ್ನೂರು ವರ್ಷ ಮನೆಮಾತನ್ನು ಬಿಡದ ಈ ಜನರ ಉದಾಹರಣೆ ಗಮನಾರ್ಹವಾದುದು. ಅವರಿಗೆ ಚರ್ಚಿನ ಕಟ್ಟಡವಿಲ್ಲ. ಇಪ್ಪತ್ತೈದರಿಂದ ನಲವತ್ತು ಕುಟುಂಬಗಳು ಸೇರಿ ಒಂದು ಸಭೆ. ಎರಡು ವಾರಕ್ಕೊಮ್ಮೆ ಸರದಿಯಂತೆ ಯಾರಾದರೊಬ್ಬರ ಮನೆಯಲ್ಲಿ ಆರಾಧನೆ. ಆದುದರಿಂದ ಒಬ್ಬನ ಜಗಳ ಇಡೀ ಸಭೆಗೆ ತಿಳಿಯುತ್ತದೆ. ಜಗಳವಾಡಿದವನ ಮನೆಗೂ ಆರಾಧನೆಗಾಗಿ ಹೋಗಲೇಬೇಕಾಗುತ್ತದೆ.

ಎರಡು ಪದಗಳ ಹಿನ್ನೆಲೆ

ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆಯನ್ನು ಬೇಡುವ ಭಾಗವೊಂದುಂಟು. ಮತ್ತಾಯನ ಗ್ರೀಕ್ ಪಾಠದಲ್ಲಿ ಅಲ್ಲಿ ಬಂದಿರುವ ಪದದ ನೇರ ಅರ್ಥ ‘ಸಾಲ’. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಶಬ್ದವಿತ್ತು. ಆಮಿಶರ ಪ್ರಾರ್ಥನೆಯ ಭಾಷೆಯಾದ ಜರ್ಮನಿನಲ್ಲಿಯೂ ‘ಶುಲ್ಡ್’ ಎಂಬ ಒಂದೇ ಪದ ಸಾಲವನ್ನೂ ತಪ್ಪನ್ನೂ ಸೂಚಿಸುತ್ತದೆ. ಕನ್ನಡ ಕ್ರೈಸ್ತರಲ್ಲಿ ಪ್ರಚಲಿತವಾದ ಭಾಷಾಂತರವು ಈ ಎಡೆಯಲ್ಲಿ ‘ತಪ್ಪು’ ಎಂಬುದನ್ನು ಆರಿಸಿಕೊಂಡಿದೆ. ಅರ್ಥ ಕೆಡಲಿಲ್ಲವಾದರೂ ಮೂಲದ ಲೆಕ್ಕಪತ್ರದ ಧ್ವನಿ ಅಲ್ಲಿ ಉಳಿಯಲಿಲ್ಲ. ಆಡುಮಾತಿನಲ್ಲಿ ಮಾತ್ರ ಆ ಧ್ವನಿ ಇಂದಿಗೂ ಜೀವಂತವಾಗಿದೆ: ರೈತನ ಸಾಲಕ್ಕೂ ‘ಮಾಫಿ’, ಆಡಿದ ಮಾತಿನ ತಪ್ಪಿಗೂ ‘ಮಾಫಿ’.

ತಪ್ಪನ್ನು ಸಾಲವೆಂದು ಎಣಿಸುವುದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಸೂಲಾಗದ ಸಾಲವನ್ನು ಲೆಕ್ಕದಿಂದ ತೆಗೆದುಹಾಕಬೇಕಾದರೆ ಮೊದಲು ಅದು ಸಾಲವೆಂದು ಪುಸ್ತಕದಲ್ಲಿ ದಾಖಲಾಗಿರಬೇಕು. ಬರೆಯದ ಸಾಲವನ್ನು ಯಾರೂ ಮನ್ನಾ ಮಾಡಲಾರರು. ಹಾಗೆಯೇ ತಪ್ಪು ನಡೆದೇ ಇಲ್ಲವೆನ್ನುವುದು, ನಡೆದದ್ದು ತಪ್ಪಲ್ಲವೆನ್ನುವುದು ಕ್ಷಮೆಯಲ್ಲ. ತಪ್ಪನ್ನು ತಪ್ಪೆಂದು ಹೆಸರಿಟ್ಟು, ಅದಕ್ಕೆ ಪ್ರತಿಯಾಗಿ ತನಗೆ ಸಲ್ಲಬೇಕಾದ ಸೇಡಿನ ಹಕ್ಕನ್ನು ಬಿಟ್ಟುಕೊಡುವುದೇ ಕ್ಷಮೆ.

ಮತ್ತಾಯನ ಹದಿನೆಂಟನೆಯ ಅಧ್ಯಾಯದ ದೃಷ್ಟಾಂತವು ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ಒಬ್ಬ ಅರಸನಿಗೆ ಅವನ ಸೇವಕನು 10,000 ತಲಾಂತುಗಳನ್ನು ತೆರಬೇಕಾಗಿತ್ತು. ಸೇವಕನು ಕಾಲಿಗೆ ಬಿದ್ದು ಬೇಡಲು ಅರಸನು ಅಷ್ಟನ್ನೂ ಬಿಟ್ಟುಬಿಟ್ಟನು. ಹೊರಗೆ ಬಂದ ಸೇವಕನು ತನಗೆ 100 ದೆನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಅವನನ್ನು ಸೆರೆಗೆ ಹಾಕಿಸಿದನು. ಒಂದು ದೆನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತಿಗೆ 6,000 ದೆನಾರಿ. ಹಾಗಾದರೆ ಮೊದಲ ಸಾಲವು 6 ಕೋಟಿ ದಿನಗಳ ಕೂಲಿ. ಒಂದು ದಿನವೂ ಬಿಡುವಿಲ್ಲದೆ ದುಡಿದರೂ 1,64,000 ವರ್ಷಗಳಲ್ಲಿ ತೀರುವಂಥದು. ಎರಡನೆಯದು 100 ದಿನಗಳ ಕೂಲಿ. ಒಂದಕ್ಕೆ ಆರು ಲಕ್ಷದ ಅಂತರ. ಆದರೂ ಬಡವನಿಗೆ ಮೂರು ತಿಂಗಳಿಗೆ ಮಿಕ್ಕ ಸಂಬಳ ಸಣ್ಣ ಹಣವಲ್ಲ. ಮನುಷ್ಯನು ಮನುಷ್ಯನಿಗೆ ಮಾಡುವ ಕೇಡು ಕ್ಷುಲ್ಲಕವೆಂದು ದೃಷ್ಟಾಂತವು ಹೇಳುತ್ತಿಲ್ಲ. ಅದು ನಿಜವಾದ ಸಾಲವೇ ಹೌದು. ತಾನು ಪಡೆದ ಮನ್ನಾದ ಮುಂದೆ ಅದನ್ನು ಇಟ್ಟು ನೋಡಬೇಕೆಂಬುದಷ್ಟೇ ಅದರ ತಾತ್ಪರ್ಯ.

ಇನ್ನು ವಿಧೇಯತೆ. ಇದಕ್ಕೆ ಜರ್ಮನಿನಲ್ಲಿ ‘ಗೆಹೋರ್ಸಾಮ್’ ಎಂಬ ಪದವಿದೆ. ಅದು ‘ಕೇಳು’ ಎಂಬರ್ಥದ ಧಾತುವಿನಿಂದ ಬಂದುದು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿಯೂ ವಿಧೇಯತೆಯನ್ನು ಸೂಚಿಸುವ ಪದಗಳು ಕಿವಿಗೊಡುವುದಕ್ಕೆ ಸಂಬಂಧಿಸಿದ ಧಾತುಗಳಿಂದಲೇ ಹುಟ್ಟಿವೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಮಾತು ಕೇಳುವ ಮಗ’ ಎಂದರೆ ಕಿವಿ ಚುರುಕಾಗಿರುವ ಮಗನೆಂದು ಯಾರೂ ತಿಳಿಯುವುದಿಲ್ಲ. ಆಮಿಶರ ದೃಷ್ಟಿಯಲ್ಲಿ ವಿಧೇಯತೆ ಎಂದರೆ ಹೀಗೆ ಕೇಳಿದ್ದನ್ನು ನಡೆಸುವುದು. ಅದಕ್ಕೆ ಬೆನ್ನೆಲುಬಾಗಿ ‘ಗೆಲಾಸೆನ್‌ಹೈಟ್’ ಎಂಬ ಇನ್ನೊಂದು ಭಾವನೆ ಅವರಲ್ಲಿದೆ: ತನ್ನ ಹಟವನ್ನು ಬಿಟ್ಟು ದೇವರ ಇಚ್ಛೆಗೂ ಸಭೆಯ ಇಚ್ಛೆಗೂ ತನ್ನನ್ನು ಒಪ್ಪಿಸಿಕೊಳ್ಳುವ ಶಾಂತಸ್ಥಿತಿ. ಬಿಟ್ಟುಕೊಡುವುದೇ ಎರಡು ಗುಣಗಳ ಸಮಾನಾಂಶ. ವಿಧೇಯನು ತನ್ನ ಹಟವನ್ನು ಬಿಡುತ್ತಾನೆ. ಕ್ಷಮಿಸುವವನು ತನ್ನ ಬಾಕಿಯನ್ನು ಬಿಡುತ್ತಾನೆ.

ನಿತ್ಯದ ಅಭ್ಯಾಸ

ಈ ಭಾವನೆಗಳು ಉಪದೇಶದಲ್ಲಿ ಮಾತ್ರ ಉಳಿದಿದ್ದರೆ ಆಮಿಶರಿಗೂ ಇತರರಿಗೂ ಹೆಚ್ಚು ಅಂತರವಿರುತ್ತಿರಲಿಲ್ಲ. ಅವರ ವೈಶಿಷ್ಟ್ಯವಿರುವುದು ಅಭ್ಯಾಸದಲ್ಲಿ. ಮೇಲೆ ಹೇಳಿದ ಪ್ರಾರ್ಥನೆಯನ್ನು ಆಮಿಶ್ ಮಕ್ಕಳು ಎಳೆಯ ವಯಸ್ಸಿನಲ್ಲೇ ಬಾಯಿಪಾಠ ಮಾಡುತ್ತಾರೆ. ಊಟದ ಮುಂಚೆ ಮತ್ತು ಊಟದ ಬಳಿಕ ಮನೆಮಂದಿಯೆಲ್ಲ ತಲೆ ಬಾಗಿ ಮೌನವಾಗಿ ಪ್ರಾರ್ಥಿಸುವಾಗ ಬಹಳ ಮಂದಿ ಹೇಳಿಕೊಳ್ಳುವುದು ಇದನ್ನೇ. ದಿನಕ್ಕೆ ಹಲವು ಸಲ, ವರ್ಷಕ್ಕೆ ಸಾವಿರಕ್ಕೂ ಮಿಗಿಲಾಗಿ, ತಾನು ಕ್ಷಮಿಸಿದಷ್ಟೇ ತನಗೂ ಕ್ಷಮೆ ಸಿಗಲಿ ಎಂಬ ಒಪ್ಪಂದಕ್ಕೆ ಪ್ರತಿಯೊಬ್ಬನೂ ಮರುಸಹಿ ಹಾಕಿದಂತಾಗುತ್ತದೆ.

ಜೀವನದ ಹೊರನಡೆಯನ್ನು ‘ಓರ್ಡ್‌ನುಂಗ್’ ಎಂಬ ಕಟ್ಟಳೆ ನಿಯಂತ್ರಿಸುತ್ತದೆ. ಅದು ಬಹುಮಟ್ಟಿಗೆ ಅಲಿಖಿತ. ಉಡುಪಿನ ಬಣ್ಣ, ಕುದುರೆಗಾಡಿಯ ರೀತಿ, ಸ್ವಂತ ಮೋಟಾರು ವಾಹನದ ನಿಷೇಧ, ಮನೆಗೆ ಸಾರ್ವಜನಿಕ ವಿದ್ಯುತ್ತಿನ ತಂತಿ ಎಳೆಸದಿರುವುದು ಮೊದಲಾದವೆಲ್ಲ ಅದರಲ್ಲಿ ಅಡಕವಾಗಿವೆ. ನೆರೆಯವನ ಮೇಲೆ ದಾವೆ ಹೂಡುವುದೂ ಸಲ್ಲದು. ಬಾಲ್ಯದಲ್ಲಿ ಇದು ತಂದೆತಾಯಿಗಳ ಆಜ್ಞೆ. ದೀಕ್ಷೆಯ ವಯಸ್ಸು ಬಂದಾಗ ತರುಣ ತರುಣಿಯರು ತಾವೇ ನಿರ್ಧರಿಸಿ ಸಭೆಯ ಮುಂದೆ ಮೊಣಕಾಲೂರಿ ಪ್ರತಿಜ್ಞೆ ಮಾಡುತ್ತಾರೆ. ಒಲ್ಲದವರು ದೀಕ್ಷೆ ಪಡೆಯದೆ ಹೋಗಬಹುದು; ಅವರಿಗೆ ಬಹಿಷ್ಕಾರವಿಲ್ಲ. ಆದರೆ ಬಹುಪಾಲು ಮಂದಿ ಸೇರುತ್ತಾರೆ. ಸಭೆಯ ಮುಖಂಡರೂ ಇದಕ್ಕೆ ಹೊರತಲ್ಲ. ಸದಸ್ಯರು ಸೂಚಿಸಿದ ಕೆಲವರ ಮುಂದೆ ಕೀರ್ತನೆಯ ಪುಸ್ತಕಗಳನ್ನಿಡುತ್ತಾರೆ. ಚೀಟಿ ಇರುವ ಪುಸ್ತಕ ಯಾರ ಕೈಗೆ ಬಂತೋ ಅವನು ಸಂಬಳವಿಲ್ಲದೆ ಬಾಳಿನುದ್ದಕ್ಕೂ ಬೋಧಕನಾಗಿರಬೇಕು. ಹುದ್ದೆಯನ್ನು ಬಯಸಿದವನಿಗಲ್ಲ, ಒಪ್ಪಿಸಿಕೊಂಡವನಿಗೆ ಅದು ಸಿಗುತ್ತದೆ.

ವರ್ಷಕ್ಕೆರಡು ಸಲ, ವಸಂತದಲ್ಲಿ ಮತ್ತು ಶರತ್ತಿನಲ್ಲಿ, ಪ್ರಭುಭೋಜನದ ಸಂಸ್ಕಾರ ನಡೆಯುತ್ತದೆ. ಅದಕ್ಕೆ ಎರಡು ವಾರ ಮುಂಚೆ ಒಂದು ಸಮಾಲೋಚನೆಯ ಸಭೆ ಸೇರುತ್ತದೆ. ಅಲ್ಲಿ ಕಟ್ಟಳೆಗಳನ್ನು ಮತ್ತೆ ನೆನಪಿಸುತ್ತಾರೆ. ಪ್ರತಿಯೊಬ್ಬ ಸದಸ್ಯನೂ, ಪ್ರತಿಯೊಬ್ಬ ಸದಸ್ಯೆಯೂ ದೇವರೊಡನೆ ಹಾಗೂ ಸಹವಾಸಿಗಳೊಡನೆ ತನಗೆ ಸಮಾಧಾನವಿದೆಯೆ ಎಂಬುದನ್ನು ತಿಳಿಸಬೇಕಾಗುತ್ತದೆ. ದೊಡ್ಡ ವೈಮನಸ್ಯ ಉಳಿದಿದ್ದರೆ ಪ್ರಭುಭೋಜನವನ್ನೇ ಮುಂದಕ್ಕೆ ಹಾಕುವುದುಂಟು. ಆದುದರಿಂದ ಆ ಎರಡು ವಾರಗಳಲ್ಲಿ ಬೇಲಿಯ ಜಗಳ, ಕುದುರೆ ವ್ಯಾಪಾರದ ಮನಸ್ತಾಪ, ಬಾಯಿತಪ್ಪಿ ಆಡಿದ ಮಾತು ಇವೆಲ್ಲವನ್ನು ಮನೆಯಿಂದ ಮನೆಗೆ ಹೋಗಿ ತೀರಿಸಿಕೊಳ್ಳಬೇಕು. ವ್ಯಾಪಾರಿಯು ವರ್ಷಾಂತ್ಯದಲ್ಲಿ ಖಾತೆಗಳನ್ನು ಮುಗಿಸುವಂತೆ ಇಲ್ಲಿ ಆರು ತಿಂಗಳಿಗೊಮ್ಮೆ ಮನಸ್ಸಿನ ಖಾತೆಯನ್ನು ಮುಗಿಸುತ್ತಾರೆ. ಸಂಸ್ಕಾರದ ಕೊನೆಯಲ್ಲಿ ಇಬ್ಬಿಬ್ಬರು ಸೇರಿ ಒಬ್ಬರ ಕಾಲನ್ನು ಒಬ್ಬರು ತೊಳೆಯುತ್ತಾರೆ.

ಇದರ ಜೊತೆಗೆ ಹಿರಿಯರ ಕಥೆಗಳಿವೆ. 1660ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾದ ‘ಹುತಾತ್ಮರ ಕನ್ನಡಿ’ ಎಂಬ ಬೃಹದ್‌ಗ್ರಂಥದ ಜರ್ಮನ್ ಅಥವಾ ಇಂಗ್ಲಿಷ್ ಭಾಷಾಂತರ ಅನೇಕ ಆಮಿಶ್ ಮನೆಗಳಲ್ಲಿ ಉಂಟು. ಅದರಲ್ಲಿ ಅತ್ಯಂತ ಪ್ರಸಿದ್ಧವಾದುದು ಡಿರ್ಕ್ ವಿಲ್ಲೆಮ್ಸ್ ಎಂಬವನ ವೃತ್ತಾಂತ. ಹಾಲೆಂಡಿನ ಆಸ್ಪರೆನ್ ಎಂಬಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಅವನು ತೆಳುವಾದ ಹಿಮಗಡ್ಡೆಯ ಮೇಲೆ ಓಡಿ ಪಾರಾದನು; ಬೆನ್ನಟ್ಟಿದವನು ಹಿಮ ಒಡೆದು ನೀರಿಗೆ ಬಿದ್ದನು. ಡಿರ್ಕ್ ಹಿಂದಿರುಗಿ ಅವನನ್ನು ಮೇಲಕ್ಕೆತ್ತಿದನು. ಹಿಂದಿರುಗಿದ್ದರಿಂದ ಸಿಕ್ಕಿಬಿದ್ದ ಅವನನ್ನು 1569ರ ಮೇ ತಿಂಗಳಲ್ಲಿ ಸುಟ್ಟರು. ಈ ಕಥೆಯನ್ನು ಕೇಳಿ ಬೆಳೆದ ಮಗುವಿಗೆ, ಶತ್ರುವಿಗೆ ಕೈ ನೀಡುವುದರಿಂದ ಲಾಭವುಂಟೆಂದು ಯಾರೂ ಹೇಳಿಕೊಡುವುದಿಲ್ಲ. ಲಾಭವಿಲ್ಲದಿದ್ದರೂ ನೀಡತಕ್ಕದ್ದೆಂದು ಅದು ಕಲಿಯುತ್ತದೆ.

ನಿಕೆಲ್ ಮೈನ್ಸ್

2006ರ ಅಕ್ಟೋಬರ್ 2ರಂದು, ಸೋಮವಾರ, ಪೆನ್ಸಿಲ್ವೇನಿಯದ ಲ್ಯಾಂಕಸ್ಟರ್ ಕೌಂಟಿಯ ನಿಕೆಲ್ ಮೈನ್ಸ್ ಎಂಬಲ್ಲಿದ್ದ ಒಂದೇ ಕೊಠಡಿಯ ಆಮಿಶ್ ಶಾಲೆಗೆ ಬಂದೂಕುಧಾರಿಯೊಬ್ಬನು ನುಗ್ಗಿದನು. ಅವನು ಅದೇ ಸುತ್ತಿನ ನಿವಾಸಿ, ಆಮಿಶನಲ್ಲ. ಹಾಲು ಸಾಗಿಸುವ ಲಾರಿಯ ಚಾಲಕ. ಗಂಡುಮಕ್ಕಳನ್ನು ಹೊರಗೆ ಕಳುಹಿಸಿ ಹತ್ತು ಮಂದಿ ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿಸಿ, ಕೊನೆಗೆ ತಾನೂ ಸತ್ತನು. ಐದು ಮಕ್ಕಳು ತೀರಿಕೊಂಡರು; ಐವರು ತೀವ್ರವಾಗಿ ಗಾಯಗೊಂಡರು.

ಆ ದಿನವೇ ಕೆಲವು ಆಮಿಶರು ಕೊಲೆಗಾರನ ಹೆಂಡತಿಯನ್ನೂ ತಂದೆತಾಯಿಗಳನ್ನೂ ಕಾಣಲು ಹೋದರು. ಅವರ ಮೇಲೆ ತಮಗೆ ದ್ವೇಷವಿಲ್ಲವೆಂದೂ, ನಡೆದುದನ್ನು ಕ್ಷಮಿಸಿರುವುದಾಗಿಯೂ ತಿಳಿಸಿದರು. ಆ ವಾರದ ಕೊನೆಯಲ್ಲಿ ನಡೆದ ಅವನ ಶವಸಂಸ್ಕಾರಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಮಿಶರು. ಅವರಲ್ಲಿ ತಮ್ಮ ಮಕ್ಕಳನ್ನು ಆಗಷ್ಟೇ ಮಣ್ಣು ಮಾಡಿ ಬಂದವರೂ ಇದ್ದರು. ಲೋಕದ ಮೂಲೆಮೂಲೆಗಳಿಂದ 40 ಲಕ್ಷ ಡಾಲರಿಗೂ ಮಿಕ್ಕ ಧನಸಹಾಯ ಹರಿದುಬಂದಾಗ ಅದನ್ನು ನೋಡಿಕೊಳ್ಳಲು ಆಮಿಶರು ನೆರೆಯವರೊಡನೆ ಕೂಡಿ ಸಮಿತಿಯೊಂದನ್ನು ರಚಿಸಿದರು. ಲೆಕ್ಕಕ್ಕೆ ಉತ್ತರ ಕೊಡುವ ಹೊಣೆಯನ್ನು ಆ ಸಮಿತಿಯ ಹೆಸರಿನಲ್ಲೇ ಸೇರಿಸಿದ್ದರು. ಅದರಲ್ಲಿ ಒಂದು ಪಾಲನ್ನು ಕೊಲೆಗಾರನ ಕುಟುಂಬಕ್ಕೆ ಕೊಟ್ಟರು. ಅಕ್ಟೋಬರ್ 12ರಂದು ಹಳೆಯ ಶಾಲೆಯನ್ನು ಕೆಡವಿದರು. 2007ರ ಏಪ್ರಿಲ್‌ನಲ್ಲಿ ಹೊಸ ಶಾಲೆ ಬೇರೊಂದು ಜಾಗದಲ್ಲಿ ತೆರೆಯಿತು.

ವೃತ್ತಪತ್ರಿಕೆಗಳು ಇದನ್ನು ಪವಾಡವೆಂಬಂತೆ ವರ್ಣಿಸಿದವು. ಕೆಲವರು ಅತಿಯಾಯಿತೆಂದು ಟೀಕಿಸಿದರು. ಇಷ್ಟು ಬೇಗ ಕ್ಷಮಿಸಿದವರು ತಮ್ಮ ಮಕ್ಕಳನ್ನು ಪ್ರೀತಿಸಿದ್ದರೆ ಎಂಬಲ್ಲಿಗೂ ಮಾತು ಹೋಯಿತು. ಆಮಿಶರನ್ನು ಬಹುಕಾಲ ಅಧ್ಯಯನ ಮಾಡಿದ ಡೊನಾಲ್ಡ್ ಕ್ರೇಬಿಲ್ ಮತ್ತು ಅವರ ಇಬ್ಬರು ಸಹಲೇಖಕರು 2007ರಲ್ಲಿ ಪ್ರಕಟಿಸಿದ ‘ಆಮಿಶ್ ಗ್ರೇಸ್’ ಎಂಬ ಗ್ರಂಥದಲ್ಲಿ ಸಂಗತಿಯನ್ನು ಹತ್ತಿರದಿಂದ ಪರೀಕ್ಷಿಸಿದ್ದಾರೆ. ಯಾವ ಬಿಷಪ್ಪನೂ ಸಭೆ ಕರೆದು ಕ್ಷಮಿಸಬೇಕೆಂದು ಆದೇಶ ಹೊರಡಿಸಿರಲಿಲ್ಲ. ಬೇರೆ ಬೇರೆ ಮನೆಗಳವರು ಒಬ್ಬರಿಗೊಬ್ಬರು ತಿಳಿಸದೆಯೇ ಅದೇ ಕೆಲಸಕ್ಕೆ ಹೊರಟಿದ್ದರು. ನಿರ್ಧಾರವು ಆ ದಿನ ಆದದ್ದಲ್ಲ. ಎಷ್ಟೋ ತಲೆಮಾರುಗಳ ಹಿಂದೆಯೇ ಆಗಿಹೋಗಿದ್ದದ್ದು. ಅಂದು ಉಳಿದಿದ್ದ ಕೆಲಸ ಅದನ್ನು ನಡೆಸುವುದು ಮಾತ್ರ.

ಇದು ಆಕಸ್ಮಿಕವಲ್ಲವೆಂಬುದಕ್ಕೆ ಹಿಂದಿನ ನಿದರ್ಶನವೊಂದಿದೆ. 1957ರಲ್ಲಿ ಒಹಾಯೊ ರಾಜ್ಯದ ಹೋಮ್ಸ್ ಕೌಂಟಿಯಲ್ಲಿ ತರುಣ ಆಮಿಶ್ ರೈತನೊಬ್ಬನು ದರೋಡೆಕಾರರ ಗುಂಡಿಗೆ ಬಲಿಯಾದನು. ಕೊಲೆಗಾರನಿಗೆ ಮರಣದಂಡನೆಯಾದಾಗ ಆಮಿಶರು ಅವನ ಜೀವವನ್ನು ಉಳಿಸಬೇಕೆಂದು ರಾಜ್ಯಪಾಲರಿಗೆ ಪತ್ರ ಬರೆದರು. 1958ರಲ್ಲಿ, ಶಿಕ್ಷೆ ಜಾರಿಯಾಗಲು ಕೆಲವೇ ಗಂಟೆಗಳಿದ್ದಾಗ, ರಾಜ್ಯಪಾಲರು ಅದನ್ನು ಕಡಿಮೆ ಮಾಡಿದರು.

ಕ್ಷಮೆ ಯಾವುದಲ್ಲ

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಕ್ಷಮಿಸಿದೆವೆಂದು ಹೇಳಿದ ತಂದೆತಾಯಿಗಳ ದುಃಖ ಅಲ್ಲಿಗೇ ಮುಗಿಯಲಿಲ್ಲ. ಸಿಟ್ಟು ಮತ್ತೆ ಮತ್ತೆ ಮರುಕಳಿಸುತ್ತಿತ್ತೆಂದೂ, ನಿನ್ನೆ ಕ್ಷಮಿಸಿದ್ದನ್ನು ಇಂದು ಮತ್ತೆ ಕ್ಷಮಿಸಬೇಕಾಗುತ್ತಿತ್ತೆಂದೂ ಆಮಿಶರೇ ಒಪ್ಪಿಕೊಂಡಿದ್ದಾರೆ. ಮನೋವೈದ್ಯರ ಮತ್ತು ಸಲಹೆಗಾರರ ನೆರವನ್ನೂ ಹಲವರು ಪಡೆದರು. ಎವರೆಟ್ ವರ್ದಿಂಗ್ಟನ್‌ರಂಥ ಮನಶ್ಶಾಸ್ತ್ರಜ್ಞರು ನಿರ್ಧಾರದ ಕ್ಷಮೆ ಬೇರೆ, ಭಾವನೆಯ ಕ್ಷಮೆ ಬೇರೆ ಎಂದು ವಿಂಗಡಿಸುತ್ತಾರೆ. ಸೇಡು ತೀರಿಸಿಕೊಳ್ಳುವುದಿಲ್ಲ, ಅವನನ್ನು ಮನುಷ್ಯನಂತೆಯೇ ನಡೆಸಿಕೊಳ್ಳುತ್ತೇನೆ ಎಂಬುದು ಮೊದಲನೆಯದು. ಒಳಗಿನ ಕಹಿ ಇಳಿಯುವುದು ಎರಡನೆಯದು. ಮೊದಲನೆಯದಕ್ಕೆ ಒಂದು ಗಳಿಗೆ ಸಾಕು, ಎರಡನೆಯದಕ್ಕೆ ವರ್ಷಗಳೂ ಸಾಲವು.

ಆಜ್ಞಾಪಿಸಲು ಬರುವುದು ಮೊದಲನೆಯದನ್ನು ಮಾತ್ರ. ಈ ದೃಷ್ಟಿಯಿಂದ ನೋಡಿದರೆ ವಿಧೇಯತೆಯಿಂದ ಹುಟ್ಟಿದ ಕ್ಷಮೆ ಕಪಟವೆನ್ನಲು ಕಾರಣವಿಲ್ಲ. ಸಂಕಟದಲ್ಲಿ ಮನಸ್ಸು ತತ್ತರಿಸುವಾಗ ಕೈಕಾಲುಗಳಿಗೆ ದಾರಿ ತೋರಿಸುವುದು ಅಭ್ಯಾಸ. ಭಾವನೆ ಹದಗೊಂಡ ಮೇಲೆ ಕ್ಷಮಿಸೋಣವೆಂದು ಕಾದಿದ್ದರೆ ಆ ಸಂಜೆ ಕೊಲೆಗಾರನ ಮನೆಯ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ. ತಟ್ಟಿದ್ದರಿಂದ ಆದ ಫಲವೂ ಕಂಡಿತು: ಕೊಲೆಗಾರನ ತಾಯಿ ಮುಂದೆ ವರ್ಷಗಳ ಕಾಲ, ಗಾಯಗೊಂಡು ಮಾತನ್ನೂ ನಡಿಗೆಯನ್ನೂ ಕಳೆದುಕೊಂಡ ಹುಡುಗಿಯ ಮನೆಗೆ ವಾರವಾರವೂ ಹೋಗಿ ಅವಳ ಆರೈಕೆಯಲ್ಲಿ ಕೈ ಸೇರಿಸುತ್ತಿದ್ದಳು.

ಕ್ಷಮೆಯು ಕಾನೂನಿನ ಮಾಫಿಯೂ ಅಲ್ಲ. ಅಪರಾಧಿಯನ್ನು ಶಿಕ್ಷಿಸುವುದು ರಾಜ್ಯದ ಕೆಲಸ, ಸೇಡನ್ನು ಬಿಡುವುದು ತಮ್ಮ ಕೆಲಸ ಎಂದು ಆಮಿಶರು ಎರಡನ್ನೂ ಬೇರೆ ಇಡುತ್ತಾರೆ. 1958ರ ಪ್ರಕರಣದಲ್ಲಿಯೂ ಅವರು ಕೇಳಿದ್ದು ಜೀವವನ್ನು, ಬಿಡುಗಡೆಯನ್ನಲ್ಲ. ನಿಕೆಲ್ ಮೈನ್ಸಿನಲ್ಲಂತೂ ಕೊಲೆಗಾರನೇ ಸತ್ತಿದ್ದನು. ಶಿಕ್ಷೆಯ ಪ್ರಶ್ನೆಯೇ ಏಳಲಿಲ್ಲ. ಅವನು ಬದುಕಿದ್ದರೆ ಆ ಕ್ಷಮೆ ಇನ್ನೂ ಕಠಿಣವಾಗುತ್ತಿತ್ತೆಂಬುದನ್ನು ಒಪ್ಪಬೇಕು.

ಮನೆಯೊಳಗಿನ ಪ್ರಶ್ನೆ

ಹೊರಗಿನವನನ್ನು ಗಂಟೆಗಳೊಳಗೆ ಕ್ಷಮಿಸುವ ಸಮಾಜ ತನ್ನವನೇ ಕಟ್ಟಳೆ ಮೀರಿದಾಗ ಹೀಗೆ ನಡೆದುಕೊಳ್ಳುವುದಿಲ್ಲ. ದೀಕ್ಷೆ ಪಡೆದ ಮೇಲೆ ಪ್ರತಿಜ್ಞೆ ಮುರಿದವನು ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕು. ದೊಡ್ಡ ತಪ್ಪಾದರೆ ಸಾಮಾನ್ಯವಾಗಿ ಆರು ವಾರಗಳ ಬಹಿಷ್ಕಾರ. ಆ ಬಳಿಕ ಮೊಣಕಾಲೂರಿ ಒಪ್ಪಿಕೊಂಡರೆ ಪೂರ್ಣವಾಗಿ ಸೇರಿಸಿಕೊಳ್ಳುತ್ತಾರೆ. ಆಮೇಲೆ ಅದನ್ನು ಎತ್ತಿ ಆಡುವುದೇ ತಪ್ಪು. ಒಪ್ಪಿಕೊಳ್ಳದವನೊಡನೆ ಒಂದೇ ಮೇಜಿನಲ್ಲಿ ಉಣ್ಣುವುದಿಲ್ಲ, ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಇದು ವಿರೋಧಾಭಾಸವೆಂದು ಹೊರಗಿನವರು ಆಕ್ಷೇಪಿಸಿದ್ದಾರೆ. ಆಮಿಶರ ಸಮಾಧಾನ ಹೀಗಿದೆ: ಅವನ ಮೇಲಿನ ವೈಯಕ್ತಿಕ ಸೇಡನ್ನು ಬಿಟ್ಟದ್ದಾಯಿತು; ಆದರೆ ತಾನಾಗಿ ಬರೆದುಕೊಟ್ಟ ಕರಾರನ್ನು ಮುರಿದವನು ಪಾಲುದಾರನಾಗಿ ಮುಂದುವರಿಯಲಾರನು. ಹಳೆಯ ಸಾಲವನ್ನು ಬಿಟ್ಟ ಮಾತ್ರಕ್ಕೆ ಹೊಸ ಸಾಲ ಕೊಡಬೇಕೆಂದಿಲ್ಲ. ತರ್ಕ ಸರಿಯೆನ್ನಬಹುದು, ಆದರೆ ಮಗನ ಊಟವನ್ನು ಬೇರೆ ಮೇಜಿನ ಮೇಲೆ ಬಡಿಸಬೇಕಾದ ತಾಯಿಗೆ ಆ ತರ್ಕದಿಂದ ಎಷ್ಟು ನೆಮ್ಮದಿ ದೊರೆತೀತು?

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಮನೆಯೊಳಗೆ ಹೆಂಗಸರಿಗೂ ಮಕ್ಕಳಿಗೂ ದೌರ್ಜನ್ಯವಾದಾಗ, ತಪ್ಪು ಮಾಡಿದವನು ಸಭೆಯಲ್ಲಿ ಮೊಣಕಾಲೂರಿ ಆರು ವಾರ ಕಳೆದನೆಂದರೆ ವಿಷಯ ಮುಗಿದಂತೆ ಭಾವಿಸಿ, ನೊಂದವರಿಗೆ ಕ್ಷಮಿಸಿ ಮರೆಯಬೇಕೆಂದು ಬುದ್ಧಿ ಹೇಳಿದ ಪ್ರಸಂಗಗಳು ಅಮೆರಿಕದ ನ್ಯಾಯಾಲಯಗಳಲ್ಲೂ ಪತ್ರಿಕೆಗಳಲ್ಲೂ ಬೆಳಕಿಗೆ ಬಂದಿವೆ. ನೊಂದವಳು ಮತ್ತೆ ಬಾಯಿ ತೆರೆದರೆ ಕ್ಷಮಿಸದವಳೆಂಬ ಅಪವಾದ ಅವಳ ತಲೆಗೇ ಬರುತ್ತದೆ. ಕ್ಷಮೆಯನ್ನು ನಿತ್ಯದ ಕಟ್ಟಳೆಯಾಗಿ ಮಾಡಿದ್ದರಿಂದ ಹುಟ್ಟಿದ ಬಲ ಯಾವುದೋ ಅದರಿಂದಲೇ ಈ ಕೇಡೂ ಹುಟ್ಟಿದೆ.

ಆದರೆ ಈ ಕೇಡಿಗೆ ಮದ್ದು ಆಮಿಶರು ಗೌರವಿಸುವ ಅದೇ ಹದಿನೆಂಟನೆಯ ಅಧ್ಯಾಯದಲ್ಲಿದೆ. ಎಪ್ಪತ್ತೇಳು ಸಲ, ಇನ್ನೊಂದು ಪಾಠದಂತೆ ಏಳೆಪ್ಪತ್ತು ಸಲ, ಕ್ಷಮಿಸಬೇಕೆಂಬ ಮಾತು ಬರುವುದು ಅಧ್ಯಾಯದ ಕೊನೆಗೆ. ಅಧ್ಯಾಯ ಆರಂಭವಾಗುವುದು ಒಂದು ಮಗುವನ್ನು ನಡುವೆ ನಿಲ್ಲಿಸುವುದರಿಂದ. ಅಂಥ ಒಂದು ಮಗುವಿಗೆ ಕೇಡು ತರುವವನು ಕೊರಳಿಗೆ ಬೀಸುವ ಕಲ್ಲು ಕಟ್ಟಿಸಿಕೊಂಡು ಸಮುದ್ರದ ಪಾಲಾಗುವುದೇ ಲೇಸೆಂಬ ಉಗ್ರವಾದ ಎಚ್ಚರಿಕೆ ಅಲ್ಲಿ ಬರುತ್ತದೆ. ಅನಂತರ ತಪ್ಪು ಮಾಡಿದವನನ್ನು ಏಕಾಂತದಲ್ಲಿಯೂ, ಸಾಕ್ಷಿಗಳ ಮುಂದೆಯೂ, ಸಭೆಯ ಮುಂದೆಯೂ ವಿಚಾರಿಸುವ ಕ್ರಮವನ್ನು ಹೇಳಿದೆ. ಕ್ಷಮೆಯ ಮಾತು ಇವೆಲ್ಲ ಆದ ಮೇಲೆ. ದೃಷ್ಟಾಂತದಲ್ಲಿಯೂ ಮನ್ನಾ ಮಾಡುವವನು ಅರಸ, ಪಡೆಯುವವನು ನಿರ್ಗತಿಕ. ಬಲವಿದ್ದವನು ಬಲವಿಲ್ಲದವನ ಕುತ್ತಿಗೆ ಹಿಡಿಯುವುದನ್ನೇ ಅದು ಖಂಡಿಸುತ್ತದೆ. ಬಲವಿಲ್ಲದವಳು ಬಲವಿದ್ದವನನ್ನು ಅವನ ಅನುಕೂಲಕ್ಕಾಗಿ ಕ್ಷಮಿಸಬೇಕೆಂದು ಒತ್ತಾಯಿಸಿದರೆ ದೃಷ್ಟಾಂತವನ್ನು ತಲೆಕೆಳಗು ಮಾಡಿದಂತಾಗುತ್ತದೆ.

ಉಪಸಂಹಾರ

ಆಮಿಶರ ಉದಾಹರಣೆಯಿಂದ ಎರಡು ಸಂಗತಿಗಳು ಸ್ಥಿರಪಡುತ್ತವೆ. ಕ್ಷಮೆಯನ್ನು ಭಾವನೆಯ ಉಕ್ಕಿಗೆ ಬಿಡದೆ ವಿಧೇಯತೆಯ ನೆಲದಲ್ಲಿ ಬೇರೂರಿಸಿದರೆ, ಅಸಾಧ್ಯವೆಂದು ತೋರುವುದನ್ನು ಸಾಮಾನ್ಯ ರೈತರೂ ಗೃಹಿಣಿಯರೂ ಮಾಡಬಲ್ಲರು. ಇದು ಮೊದಲನೆಯದು. ಯಾರ ಮಾತಿಗೆ ವಿಧೇಯತೆ ಎಂಬ ಪ್ರಶ್ನೆಯನ್ನು ಕೈಬಿಟ್ಟರೆ, ಅದೇ ಕ್ಷಮೆ ದುರ್ಬಲರ ಬಾಯಿಗೆ ಬೀಗವಾಗುತ್ತದೆ. ಇದು ಎರಡನೆಯದು. ನಿಕೆಲ್ ಮೈನ್ಸಿನ ತಂದೆತಾಯಿಗಳು ತಮಗೆ ಸಲ್ಲಬೇಕಾಗಿದ್ದ ಬಾಕಿಯನ್ನು ತಾವೇ ಬಿಟ್ಟರು. ಅದು ಅವರು ಬಿಡಬಹುದಾದ ಬಾಕಿಯಾಗಿತ್ತು. ಇನ್ನೊಬ್ಬರ ಬಾಕಿಯನ್ನು ಅವರ ಪರವಾಗಿ ಬಿಟ್ಟುಕೊಡುವ ಅಧಿಕಾರ ಯಾವ ಸಭೆಗೂ ಯಾವ ಹಿರಿಯನಿಗೂ ಇಲ್ಲ.

ಕನ್ನಡದ ‘ಕೇಳು’ ಎಂಬ ಕ್ರಿಯಾಪದ ಈ ವಿಚಾರದಲ್ಲಿ ಇತರ ಭಾಷೆಗಳ ಪದಗಳಿಗಿಂತ ಒಂದು ಹೆಜ್ಜೆ ಮುಂದಿದೆ. ಕಿವಿಗೊಡುವುದೂ, ಹೇಳಿದಂತೆ ನಡೆಯುವುದೂ ಅದರ ಅರ್ಥಗಳಷ್ಟೇ ಅಲ್ಲ. ಪ್ರಶ್ನಿಸುವುದೂ ಬೇಡುವುದೂ ಅದರ ಅರ್ಥಗಳೇ. ಕ್ಷಮೆಯನ್ನು ಕೇಳಬೇಕಾದವನು ತಪ್ಪಿತಸ್ಥ, ಮಾತನ್ನು ಕೇಳಬೇಕಾದವರು ಎಲ್ಲರೂ, ನ್ಯಾಯವನ್ನು ಕೇಳುವ ಹಕ್ಕುಳ್ಳವರು ನೊಂದವರು. ಈ ಮೂರು ಕೇಳುವಿಕೆಗಳಲ್ಲಿ ಯಾವುದೊಂದನ್ನು ನಿಲ್ಲಿಸಿದರೂ ಉಳಿದ ಎರಡು ಬಹುಕಾಲ ನಿಲ್ಲಲಾರವು.